ಕಣ್ಣಿಗೆ ಮರ, ಕೈಗೆ ಕಾಗದ

ಪುಸ್ತಕದ ಕಪಾಟು ಮಾಡಿಸಲೆಂದು ಕಳೆದ ವರ್ಷ ಒಬ್ಬ ಆಚಾರ್ರನ್ನು ಮನೆಗೆ ಕರೆಸಿದ್ದೆ. ಗೋಡೆಯ ಅಳತೆ ತೆಗೆದಾದ ಮೇಲೆ ಅವರು ಚೀಲದಿಂದ ದಪ್ಪನೆಯ ಕ್ಯಾಟಲಾಗು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅಂಗೈಯಗಲದ ಸನ್‌ಮೈಕಾ ತುಂಡುಗಳು ಒಂದರ ಹಿಂದೊಂದು. ತೇಗ, ಬೀಟೆ, ವಾಲ್‌ನಟ್, ಓಕ್. ಅವು ಮುಗಿದರೆ ಅಮೃತಶಿಲೆ, ಸಿಮೆಂಟು, ತುಕ್ಕು ಹಿಡಿದ ಕಬ್ಬಿಣ, ಕೊನೆಗೆ ಗೋಣಿತಾಟು ಕೂಡ. ತೇಗದ ತುಂಡಿನ ಮೇಲೆ ಬೆರಳಾಡಿಸಿದರೆ ಮರದ ಎಳೆಗಳು ಉಬ್ಬುತಗ್ಗಾಗಿ ತಾಗುತ್ತಿದ್ದವು. "ಇದರಲ್ಲಿ ಮರ ಎಷ್ಟಿದೆ ಆಚಾರ್ರೇ?" ಎಂದು ಕೇಳಿದೆ. "ಮರ ಇಲ್ಲ ಸಾರ್, ಮರದ ಫೋಟೊ ಇದೆ" ಅಂದರು.

ಇಷ್ಟು ನೇರವಾದ ಉತ್ತರ ನನಗೆ ಯಾವ ಪೀಠೋಪಕರಣದ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಆ ಮಾತು ತಲೆಯಲ್ಲಿ ಉಳಿದುಕೊಂಡಿತು. ನಾವು ಕೂರುವ, ಉಣ್ಣುವ, ಮಲಗುವ ಸಾಮಾನುಗಳಲ್ಲಿ ಎಷ್ಟು ಪಾಲು ವಸ್ತು, ಎಷ್ಟು ಪಾಲು ವಸ್ತುವಿನ ಚಿತ್ರ ಎಂದು ಲೆಕ್ಕ ಹಾಕುತ್ತ ಹೋದೆ.

ಸನ್‌ಮೈಕಾ ಎನ್ನುವುದು ಒಂದು ಬ್ರ್ಯಾಂಡಿನ ಹೆಸರು. ನಮ್ಮಲ್ಲಿ ಅದು ಇಡೀ ಜಾತಿಯ ಹಾಳೆಗಳಿಗೆಲ್ಲ ಹೆಸರಾಗಿ ನಿಂತಿದೆ. ಅದರೊಳಗೆ ಮೈಕಾ, ಅಂದರೆ ನಮ್ಮ ಆಡುಮಾತಿನ ಕಾಗೆಬಂಗಾರ, ಎಳ್ಳಷ್ಟೂ ಇಲ್ಲ. ಆದರೂ ಈ ಜಾತಿಯ ಹಾಳೆಗೆ ಮೈಕಾದ ನೆನಪು ಅಂಟಿಕೊಂಡದ್ದಕ್ಕೆ ಕಾರಣ ಇದೆ. ವಿದ್ಯುತ್ ಯಂತ್ರಗಳಲ್ಲಿ ಕರೆಂಟು ಬೇಡದ ಕಡೆ ಹರಿಯದಂತೆ ತಡೆಯಲು ಒಂದು ಕಾಲದಲ್ಲಿ ಕಾಗೆಬಂಗಾರ ಬಳಸುತ್ತಿದ್ದರು. ಅದು ದುಬಾರಿಯಾಗಿತ್ತು. 1912ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬಿಬ್ಬರು ರಾಳದಲ್ಲಿ ನೆನೆಸಿದ ಪದರಗಳನ್ನು ಒತ್ತಿ ಗಟ್ಟಿಯಾಗಿಸಿ ಅದಕ್ಕೊಂದು ಬದಲಿ ಕಂಡುಕೊಂಡರು. 'ಮೈಕಾದ ಬದಲಿಗೆ' ಎಂಬರ್ಥದ ಇಂಗ್ಲಿಷ್ ಮಾತನ್ನೇ ಕೂಡಿಸಿ ಫಾರ್ಮೈಕಾ ಎಂದು ಹೆಸರಿಟ್ಟರು. ಹೀಗೆ ಹುಟ್ಟುವಾಗಲೇ ಇನ್ನೊಂದರ ಜಾಗದಲ್ಲಿ ಕೂರಲು ಬಂದ ವಸ್ತು ಇದು. 1927ರ ಹೊತ್ತಿಗೆ ಅದರ ಮೇಲ್ಪದರಕ್ಕೆ ಮರದ ಎಳೆಗಳನ್ನೂ ಅಮೃತಶಿಲೆಯ ನರಗಳನ್ನೂ ಅಚ್ಚು ಹಾಕುವ ದಾರಿ ಸಿಕ್ಕಿತು. ಅಲ್ಲಿಂದ ಅದು ಯಂತ್ರ ಬಿಟ್ಟು ಮನೆಯೊಳಕ್ಕೆ ಬಂತು.

ಮಾಡುವ ಬಗೆ ಇಂದಿಗೂ ಹೆಚ್ಚುಕಮ್ಮಿ ಹಾಗೆಯೇ ಇದೆ. ಪಾರ್ಸೆಲ್ಲಿಗೆ ಸುತ್ತುವ ಕಂದು ಕಾಗದದಂಥ ಕ್ರಾಫ್ಟ್ ಕಾಗದವನ್ನು ಫಿನಾಲ್ ರಾಳದಲ್ಲಿ ಅದ್ದಿ ಹಲವು ಪದರ ಪೇರಿಸುತ್ತಾರೆ. ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಮೆಲಮಿನ್ ರಾಳದ ಪಾರದರ್ಶಕ ಪದರ. 120 ಡಿಗ್ರಿಗೂ ಮೀರಿದ ಶಾಖ, ಚದರ ಸೆಂಟಿಮೀಟರಿಗೆ 50 ಕಿಲೋಗೂ ಮೀರಿದ ಒತ್ತಡ. ಹೊರಬರುವುದು 8 ಅಡಿ ಉದ್ದ, 4 ಅಡಿ ಅಗಲ, ಸುಮಾರು 1 ಮಿಲಿಮೀಟರ್ ದಪ್ಪದ ಹಾಳೆ. ಅದರ ಅಂಚನ್ನು ಹತ್ತಿರದಿಂದ ನೋಡಿದರೆ ತೆಳುವಾದ ಕಪ್ಪು ಗೆರೆಯೊಂದು ಕಾಣುತ್ತದೆ. ಒಳಗಿನ ಕ್ರಾಫ್ಟ್ ಕಾಗದ ತನ್ನ ಇರವನ್ನು ತೋರಿಸುವ ಜಾಗ ಅದು. ಇನ್ನೊಂದು ಗುರುತೂ ಉಂಟು. ಚಿತ್ರವನ್ನು ಉರುಳೆಯಿಂದ ಅಚ್ಚು ಹಾಕುವುದರಿಂದ, ಉರುಳೆ ಒಂದು ಸುತ್ತು ಮುಗಿಸಿದೊಡನೆ ಅದೇ ಗಂಟು, ಅದೇ ಸುಳಿ ಮತ್ತೆ ಬರುತ್ತದೆ. ದೊಡ್ಡ ವಾರ್ಡ್‌ರೋಬಿನ ಎರಡು ಬಾಗಿಲುಗಳಲ್ಲಿ ಒಂದೇ ಗಂಟು ಕಣ್ಣಿಗೆ ಬಿದ್ದ ದಿನದಿಂದ ಆ ವಾರ್ಡ್‌ರೋಬು ಮರವಾಗಿ ಉಳಿಯುವುದಿಲ್ಲ. ಮರ ತನ್ನನ್ನು ಎರಡು ಸಲ ಬರೆದುಕೊಳ್ಳುವುದಿಲ್ಲವಲ್ಲ.

ಕಣ್ಣನ್ನು ಮರುಳು ಮಾಡುವ ಪೀಠೋಪಕರಣ ಎಂದೊಡನೆ ಇಂಥ ಅಗ್ಗದ ಹಾಳೆಯೇ ನೆನಪಾಗುವುದು ನ್ಯಾಯವಲ್ಲ. ಈ ವಿದ್ಯೆ ಮುಟ್ಟಿದ ಅತಿ ಎತ್ತರವನ್ನು ನೋಡಬೇಕೆಂದರೆ ಐದು ಶತಮಾನಕ್ಕೂ ಹಿಂದಿನ ಇಟಲಿಗೆ ಹೋಗಬೇಕು. ಉರ್ಬಿನೋದ ದೊರೆ ಫೆಡೆರಿಕೊ ದಾ ಮಾಂಟೆಫೆಲ್ತ್ರೊ ಬಾಡಿಗೆ ಸೈನ್ಯ ನಡೆಸಿ ಹಣ ಮಾಡಿದವನು, ಆ ಹಣವನ್ನು ಪುಸ್ತಕಗಳಿಗೂ ಕಲೆಗೂ ಸುರಿದವನು. ತಾನು ಹುಟ್ಟಿದ ಗುಬ್ಬಿಯೋ ಊರಿನ ಅರಮನೆಯಲ್ಲಿ ಅವನು 1478ರಿಂದ 1482ರ ಸುಮಾರಿಗೆ ಒಂದು ಪುಟ್ಟ ಓದುಕೋಣೆ ಮಾಡಿಸಿದ. ನಕ್ಷೆ ಫ್ರಾಂಚೆಸ್ಕೊ ದಿ ಜಾರ್ಜಿಯೊ ಮಾರ್ಟಿನಿಯದು ಎನ್ನುತ್ತಾರೆ. ಮರಗೆಲಸ ಫ್ಲಾರೆನ್ಸಿನ ಜುಲಿಯಾನೊ ದಾ ಮಯಾನೊನ ಕಾರ್ಖಾನೆಯದು. ಕೋಣೆ ಸುಮಾರು 17 ಅಡಿಗೆ ಹನ್ನೆರಡೂವರೆ ಅಡಿ. ಅದರ ಮರದ ಗೋಡೆಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1939ರಲ್ಲಿ ಕೊಂಡುಕೊಂಡಿತು. ಈಗ ಅಲ್ಲೇ ಜೋಡಿಸಿಟ್ಟಿದ್ದಾರೆ.

ಒಳಗೆ ನಿಂತರೆ ಸುತ್ತಲೂ ಕಪಾಟುಗಳು. ಜಾಲರಿಯ ಬಾಗಿಲುಗಳು ಕೆಲವು ಮುಚ್ಚಿವೆ, ಕೆಲವು ಅರ್ಧ ತೆರೆದು ಕೋಣೆಯೊಳಕ್ಕೆ ಚಾಚಿವೆ. ಒಳಗಿನ ತಟ್ಟೆಗಳಲ್ಲಿ ಅಡ್ಡಾದಿಡ್ಡಿಯಾಗಿಟ್ಟ ಪುಸ್ತಕಗಳು, ಲ್ಯೂಟ್ ಎಂಬ ತಂತಿವಾದ್ಯ, ಖಗೋಳದ ಚಲನೆ ತೋರಿಸುವ ಬಳೆಬಳೆಯ ಗೋಳಯಂತ್ರ, ಪಂಜರದಲ್ಲಿ ಗಿಳಿ. ಕೆಳಗೆ ಗೋಡೆಗಂಟಿದ ಮಡಚುವ ಬೆಂಚುಗಳು. ಕೈ ಚಾಚಿದರೆ ಬೆರಳು ತಾಗುವುದು ಮಾತ್ರ ಚಪ್ಪಟೆ ಹಲಗೆಗೆ. ಕಪಾಟೂ ಇಲ್ಲ, ಬಾಗಿಲೂ ಇಲ್ಲ, ಬೆಂಚೂ ಇಲ್ಲ. ಆಕ್ರೋಟದ ಹಲಗೆಯ ಮೇಲೆ ಬೇರೆ ಬೇರೆ ಮರಗಳ ಸಾವಿರಾರು ಚೂರುಗಳನ್ನು ಕತ್ತರಿಸಿ ಕೂರಿಸಿದ ಚಿತ್ರ ಅದು. ಇಟಲಿಯಲ್ಲಿ ಈ ಕೆಲಸಕ್ಕೆ ಇಂಟಾರ್ಸಿಯ ಎನ್ನುತ್ತಾರೆ. ಬಿಸಿಲು ಬಿದ್ದ ಕಡೆ ತಿಳಿಬಣ್ಣದ ಮರ, ನೆರಳಿಗೆ ಗಾಢಬಣ್ಣದ್ದು. ಹಸಿರು ಬೇಕಾದ ಕಡೆ ಬಣ್ಣ ಹಚ್ಚಿಲ್ಲ. ಕಾಡಿನಲ್ಲಿ ಬಿದ್ದ ಕೊಂಬೆಗಳಿಗೆ ಒಂದು ಜಾತಿಯ ಶಿಲೀಂಧ್ರ ಹತ್ತಿದರೆ ಮರದ ತಿರುಳು ನೀಲಿಹಸಿರಿಗೆ ತಿರುಗುತ್ತದೆ. ಆ ಕೊಂಬೆಗಳನ್ನು ಆಯ್ದು ತಂದು ಚೂರು ಮಾಡಿ ಬಳಸಿದ್ದಾರೆ.

ನನಗೆ ಅತಿ ಹೆಚ್ಚು ಹಿಡಿಸುವುದು ಆ ಕೆಲಸಗಾರರು ಬೆಳಕಿಗೆ ತೋರಿದ ಗೌರವ. ಕೋಣೆಗೆ ನಿಜವಾದ ಕಿಟಕಿ ಎಲ್ಲಿತ್ತೋ ಆ ದಿಕ್ಕಿನಿಂದಲೇ ಚಿತ್ರದ ವಸ್ತುಗಳ ಮೇಲೂ ಬೆಳಕು ಬೀಳುವಂತೆ ಪ್ರತಿಯೊಂದು ನೆರಳನ್ನೂ ಲೆಕ್ಕ ಹಾಕಿದ್ದಾರೆ. ನಮ್ಮ ಮಿದುಳು ಉಬ್ಬು ಯಾವುದು ತಗ್ಗು ಯಾವುದು ಎಂದು ತೀರ್ಮಾನಿಸುವುದು ಬಹಳಮಟ್ಟಿಗೆ ನೆರಳು ನೋಡಿಯೇ. ಬೆಳಕಿನ ದಿಕ್ಕೂ ನೆರಳಿನ ದಿಕ್ಕೂ ಹೊಂದಿಕೊಂಡರೆ ಅದು ಪ್ರಶ್ನೆ ಕೇಳದೆ ಒಪ್ಪಿಬಿಡುತ್ತದೆ. ಚಿತ್ರದ ಗೆರೆಗಳು ದೂರ ಹೋದಂತೆ ಹೇಗೆ ಕೂಡಬೇಕು ಎಂಬ ಪರ್ಸ್‌ಪೆಕ್ಟಿವ್ ಶಾಸ್ತ್ರ ಆಗಿನ್ನೂ ಹೊಸದು. ಇಟಲಿಯ ವಿದ್ವಾಂಸ ಆಲ್ಬರ್ಟಿ ಅದನ್ನು ಬರೆದಿಟ್ಟದ್ದು 1435ರಲ್ಲಿ. ಚಿತ್ರಕಾರರಷ್ಟೇ ಹಸಿವಿನಿಂದ ಅದನ್ನು ಕಲಿತವರು ಬಡಗಿಗಳು. ಅವರನ್ನು ಪರ್ಸ್‌ಪೆಕ್ಟಿವ್‌ನ ಮೇಸ್ತ್ರಿಗಳು ಎಂದೇ ಕರೆಯುತ್ತಿದ್ದರು.

ಇನ್ನೊಂದು ಸಂಗತಿ. ಪರ್ಸ್‌ಪೆಕ್ಟಿವ್ ಚಿತ್ರ ಕಟ್ಟುವುದು ಒಂದು ಜಾಗದಲ್ಲಿ ನಿಂತ ಒಂದೇ ಕಣ್ಣಿನ ಲೆಕ್ಕಕ್ಕೆ. ನಮಗಿರುವ ಎರಡು ಕಣ್ಣುಗಳು ಎರಡು ಕೋನಗಳಿಂದ ನೋಡಿ, ಹತ್ತಿರದ ವಸ್ತು ಚಪ್ಪಟೆಯೋ ಆಳವುಳ್ಳದ್ದೋ ಎಂದು ಕೂಡಲೇ ಪತ್ತೆ ಹಚ್ಚುತ್ತವೆ. ಇಂಥ ಗೋಡೆಯ ಮುಂದೆ ಒಂದು ಕಣ್ಣು ಮುಚ್ಚಿಕೊಂಡರೆ ಆಳ ಇನ್ನಷ್ಟು ಹೆಚ್ಚುತ್ತದೆ. ಫೆಡೆರಿಕೊ ಯೌವನದಲ್ಲಿ ಕುದುರೆಯ ಮೇಲಿನ ಈಟಿಕಾಳಗವೊಂದರಲ್ಲಿ ಬಲಗಣ್ಣು ಕಳೆದುಕೊಂಡಿದ್ದ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಪ್ರಸಿದ್ಧ ಚಿತ್ರದಲ್ಲಿ ನಮಗೆ ಕಾಣುವುದು ಅವನ ಎಡ ಮಗ್ಗುಲು ಮಾತ್ರ. ಈ ಕೋಣೆ ಆ ಒಂಟಿಕಣ್ಣಿನ ದೊರೆಗೆ ಎಷ್ಟು ಗಾಢವಾಗಿ ತೆರೆದುಕೊಂಡಿರಬೇಕೆಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕೆಲಸ ಮುಗಿಯುವ ಹೊತ್ತಿಗೆ, 1482ರಲ್ಲಿ, ಅವನು ತೀರಿಕೊಂಡ.

ಗುಬ್ಬಿಯೋದ ಬಡಗಿ ಮರದಿಂದಲೇ ಮರದ ಭ್ರಮೆ ಹುಟ್ಟಿಸಿದ. ಇಟಲಿಯದೇ ಕಾರ್ಪಿ ಎಂಬ ಊರಿನವರು ಇನ್ನೊಂದು ದಾರಿ ಹಿಡಿದರು. ಅಮೃತಶಿಲೆ ಸಿಗದ ಆ ಸೀಮೆಯಲ್ಲಿ 17ನೇ ಶತಮಾನದಲ್ಲಿ ಸ್ಕಾಗ್ಲಿಯೋಲ ಎಂಬ ಗಾರೆಯ ವಿದ್ಯೆ ಬೆಳೆಯಿತು. ಜಿಪ್ಸಮ್ ಪುಡಿಗೆ ಪ್ರಾಣಿಜನ್ಯ ಅಂಟು, ಬಣ್ಣ ಸೇರಿಸಿ ಚಪಾತಿ ಹಿಟ್ಟಿನಂತೆ ನಾದುತ್ತಾರೆ. ಬೇರೆ ಬೇರೆ ಬಣ್ಣದ ಮುದ್ದೆಗಳನ್ನು ಮುರಿದು, ಮಡಚಿ, ಒತ್ತಿ, ಬಿಲ್ಲೆಗಳಾಗಿ ಕೊಯ್ದಾಗ ಕಲ್ಲಿನೊಳಗಿನ ನರಗಳಂಥ ಗೆರೆ ಮೂಡುತ್ತದೆ. ಒಣಗಿದ ಮೇಲೆ ದಿನಗಟ್ಟಲೆ ಉಜ್ಜಿ, ಎಣ್ಣೆ ತಿಕ್ಕಿ ಹೊಳಪು ಬರಿಸುತ್ತಾರೆ. ಈ ಗಾರೆಯ ಮೇಜುಹಾಸುಗಳು ಮುಂದೆ ಇಂಗ್ಲೆಂಡಿನ ಸಿರಿವಂತರ ಮನೆಗಳಿಗೂ ಹೋದವು. ಕಣ್ಣಿಗೆ ವ್ಯತ್ಯಾಸ ಹೇಳುವುದು ಕಷ್ಟ. ಅಂಗೈಗೆ ಸುಲಭ. ಅಮೃತಶಿಲೆ ಕೈಯ ಶಾಖವನ್ನು ಬೇಗ ಹೀರುವುದರಿಂದ ಥಣ್ಣಗೆ ತಾಗುತ್ತದೆ. ಜಿಪ್ಸಮ್ ಅಷ್ಟು ಹೀರದು, ಆದ್ದರಿಂದ ಬೆಚ್ಚಗಿರುತ್ತದೆ. ಮರದ ಕುರ್ಚಿ ಚಳಿಗಾಲದಲ್ಲೂ ಹಿತವೆನಿಸುವುದು, ಕಬ್ಬಿಣದ ಕುರ್ಚಿ ಬೆಚ್ಚಿಬೀಳಿಸುವುದು ಇದೇ ಕಾರಣಕ್ಕೆ. ಅನುಕರಣೆಯ ವಸ್ತುಗಳು ನೋಟವನ್ನು ಎಷ್ಟೇ ಗೆದ್ದರೂ ಸ್ಪರ್ಶದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇದೆಲ್ಲ ಸುಳ್ಳು, ಆದ್ದರಿಂದ ಹೀನ ಎಂದು ವಾದಿಸಿದ ದೊಡ್ಡವರಿದ್ದಾರೆ. ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1849ರ ತನ್ನ ವಾಸ್ತುಶಿಲ್ಪದ ಪುಸ್ತಕದಲ್ಲಿ ಮರಕ್ಕೆ ಅಮೃತಶಿಲೆಯ ಬಣ್ಣ ಬಳಿಯುವುದನ್ನು ನೇರವಾಗಿ ವಂಚನೆಯ ಪಟ್ಟಿಗೆ ಸೇರಿಸಿದ. ಕಲ್ಲುಕುಟಿಗನ ಮಗನಾಗಿದ್ದ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1898ರಲ್ಲಿ ಇನ್ನೂ ಖಡಾಖಂಡಿತವಾಗಿ ಬರೆದ: ಮರಕ್ಕೆ ಯಾವ ಬಣ್ಣ ಬೇಕಾದರೂ ಹಚ್ಚಬಹುದು, ಮರದ ಬಣ್ಣವೊಂದನ್ನು ಬಿಟ್ಟು. ಆಗ ವಿಯೆನ್ನಾದಲ್ಲಿ ಅಗ್ಗದ ಮರಕ್ಕೆ ದುಬಾರಿ ಮರದ ಎಳೆ ಬರೆಯುವುದು ದೊಡ್ಡ ಕಸುಬಾಗಿತ್ತು. ಲೋಸ್‌ನ ಸಿಟ್ಟಿನ ಬಿಸಿ ಇವತ್ತಿನ ನಮ್ಮ ಸನ್‌ಮೈಕಾ ಕ್ಯಾಟಲಾಗಿಗೂ ತಟ್ಟುತ್ತದೆ.

ಆದರೆ ರಸ್ಕಿನ್ ಒಂದು ವಿನಾಯಿತಿ ಕೊಟ್ಟಿದ್ದ. ಕಟ್ಟಡದ ಮೇಲಿನ ಚಿನ್ನದ ಲೇಪ ಮೋಸವಲ್ಲ, ಏಕೆಂದರೆ ಅದನ್ನು ಯಾರೂ ಗಟ್ಟಿ ಚಿನ್ನ ಎಂದು ತಿಳಿಯುವುದಿಲ್ಲ; ಒಡವೆಯ ಮೇಲೆ ಅದೇ ಲೇಪ ಮೋಸ, ಏಕೆಂದರೆ ಅಲ್ಲಿ ಹಾಗೆ ತಿಳಿಯುತ್ತಾರೆ ಎಂದ. ಈ ಸಣ್ಣ ಮಾತು ನನಗೆ ಅವನ ಇಡೀ ವಾದಕ್ಕಿಂತ ಉಪಯುಕ್ತ ಅನ್ನಿಸುತ್ತದೆ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವ ಮೇಜಿನ ಮೇಲ್ಮೈ ಮರದಂತಿದ್ದರೆ ಅದನ್ನು ಮರವೆಂದು ನಂಬುವವರು ಯಾರೂ ಇಲ್ಲ. ಸಾಂಬಾರು ಚೆಲ್ಲಿದರೆ ಒರೆಸಬಹುದಾದ ಹಾಳೆ ಅದೆಂದು ಎಲ್ಲರಿಗೂ ಗೊತ್ತು. ಅಲ್ಲಿ ವಂಚನೆ ಇಲ್ಲ, ಅನುಕೂಲವಿದೆ, ಸ್ವಲ್ಪ ಅಂದವೂ ಇದೆ. ಸಣ್ಣ ಸಂಬಳದ ಮನೆಯವರು ಬೀಟೆಯ ಬಣ್ಣದ ಬಾಗಿಲಿನ ಮುಂದೆ ಸಂತೋಷಪಟ್ಟರೆ ಅದನ್ನು ಕೀಳು ರುಚಿ ಎನ್ನುವ ಹಕ್ಕು ನನಗಿಲ್ಲ.

ಸುಳ್ಳು ಶುರುವಾಗುವುದು ಅಂಗಡಿಯ ಮಾತಿನಲ್ಲಿ, ಬಿಲ್ಲಿನಲ್ಲಿ. ನಮ್ಮ ಹತ್ತಿರದ ಬಂಧುವೊಬ್ಬರು ಸಾಗುವಾನಿಯ ಊಟದ ಮೇಜೆಂದು ಹೇಳಿದ್ದನ್ನು ನಂಬಿ ಸಾಗುವಾನಿಯ ಬೆಲೆಯನ್ನೇ ತೆತ್ತು ತಂದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಮೂಲೆ ನೀರು ಕುಡಿದು ಊದಿಕೊಂಡಿತು. ಒಳಗೆ ಇದ್ದದ್ದು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿದ ಪಾರ್ಟಿಕಲ್ ಬೋರ್ಡ್. ಬಿಲ್ ತೆಗೆದು ನೋಡಿದರೆ 'ಟೀಕ್ ಫಿನಿಶ್' ಎಂದಿತ್ತು. ಆ 'ಫಿನಿಶ್' ಎಂಬ ಮಾತು ಎಷ್ಟು ಮನೆಗಳ ದುಡ್ಡು ನುಂಗಿದೆಯೋ! ಆ ಮೇಜನ್ನು ಕೊಂಡವರು ನಿವೃತ್ತಿಯ ಹಣದಲ್ಲಿ ಕೊಂಡಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಕೊಳ್ಳುವವರು ಮೇಲ್ಮೈ ಬಿಟ್ಟು ಅಂಚನ್ನು ನೋಡಬೇಕು. ಗಟ್ಟಿ ಮರವಾದರೆ ಮೇಲಿನ ಎಳೆ ಅಂಚಿನಲ್ಲಿ ಮುರಿಯದೆ ತಿರುಗಿ ಇಳಿಯುತ್ತದೆ, ಹಲಗೆಯನ್ನು ಅಡ್ಡ ಕೊಯ್ದ ತುದಿಯಲ್ಲಿ ಮರದ ವಯಸ್ಸಿನ ಬಳೆಗಳ ತುಣುಕು ಕಾಣುತ್ತದೆ. ವೀನಿಯರ್ ಆದರೆ ಮೇಲೆ ನಿಜವಾದ ಮರದ ತೆಳುಸಿಪ್ಪೆ, ಕೆಳಗೆ ಪ್ಲೈವುಡ್ಡಿನ ಪದರಗಳು, ಅಂಚಿಗೆ ಬೀಡಿಂಗ್ ಪಟ್ಟಿ. ಮೇಜಿನಡಿಗೆ ತಲೆ ಬಾಗಿಸಿ ನೋಡಲು ನಾಚಿಕೆ ಬೇಡ. ಅಂಗಡಿಯವರು ಅಲಂಕರಿಸದೆ ಬಿಟ್ಟಿರುವ ಜಾಗ ಅದೊಂದೇ.

ಅನುಕರಣೆಯ ಹಾಳೆಗೆ ತನ್ನದೇ ಮುಖ ಕೊಟ್ಟವರೂ ಇದ್ದಾರೆ. 1981ರಲ್ಲಿ ಮಿಲಾನಿನಲ್ಲಿ ಎತ್ತೊರೆ ಸೊತ್ಸಾಸ್ ಮುಂದಾಳಾಗಿ ಮೆಂಫಿಸ್ ಎಂಬ ವಿನ್ಯಾಸಕಾರರ ಗುಂಪು ತನ್ನ ಮೊದಲ ಪ್ರದರ್ಶನ ಮಾಡಿತು. ಕಾಫಿ ಬಾರುಗಳಲ್ಲಿ, ಅಡುಗೆಮನೆಗಳಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಲ್ಯಾಮಿನೇಟನ್ನು ಸೊತ್ಸಾಸ್ ದಿವಾನಖಾನೆಯ ಸಾಮಾನಿಗೆ ಹಚ್ಚಿದ. ಆದರೆ ಅದರ ಮೇಲೆ ಮರದ ಚಿತ್ರ ಇರಲಿಲ್ಲ. ಹುಳುಗಳು ಹರಿದಾಡಿದಂತಿದ್ದ ಅವನ ಬ್ಯಾಕ್ಟೀರಿಯೊ ವಿನ್ಯಾಸ ಯಾವ ಮರವನ್ನೂ ಯಾವ ಕಲ್ಲನ್ನೂ ಹೋಲುವುದಿಲ್ಲ. ಅವನ ಕಾರ್ಲ್‌ಟನ್ ಎಂಬ ಪುಸ್ತಕದ ಕಪಾಟು ಕೈಕಾಲು ಚಾಚಿದ ಮನುಷ್ಯನಂತೆ ನಿಂತಿದೆ. ಅದಕ್ಕಿಂತ ಮೂವತ್ತು ವರ್ಷ ಮೊದಲು, 1951ರಲ್ಲಿ, ಅದೇ ಮಿಲಾನಿನಲ್ಲಿ ಜೊ ಪೊಂಟಿ ಮತ್ತು ಪಿಯೆರೊ ಫೋರ್ನಸೆಟ್ಟಿ ಸೇರಿ ಒಂದು ಎತ್ತರದ ಬೀರು ಮಾಡಿದ್ದರು. ಹೊರಮೈ ತುಂಬ ಅರಮನೆಯ ಮುಂಭಾಗ ಕಪ್ಪುಬಿಳುಪಿನಲ್ಲಿ ಅಚ್ಚಾಗಿದೆ, ಬಾಗಿಲು ತೆರೆದರೆ ಒಳಗೆ ಕಮಾನುಗಳ ಸಾಲು. ಕಟ್ಟಡ ಎಂದು ಯಾರೂ ನಂಬರು, ಆದರೂ ಕಣ್ಣು ಅದರೊಳಗೆ ನಡೆದುಹೋಗುತ್ತದೆ. ಗುಬ್ಬಿಯೋದ ಗಿಳಿಯನ್ನು ಕಂಡಾಗಿನ ಸಂತೋಷ ಇಲ್ಲೂ ಇದೆ. ಭ್ರಮೆ ಒಡೆದ ಮೇಲೂ ಅಲ್ಲೇ ನಿಂತು ನೋಡಬೇಕೆನಿಸುತ್ತದೆ. ಸಾಗುವಾನಿಯ ಹೆಸರಿನ ಆ ಮೇಜಿನ ಮುಂದೆ ಹಾಗಾಗಲಿಲ್ಲ. ಒಂದು ಭ್ರಮೆಯನ್ನು ನಾನು ಅಳೆಯುವುದು ಈ ಒಂದು ಗೆರೆಯಿಂದ: ಗುಟ್ಟು ತಿಳಿದ ಮೇಲೆ ಕೆಲಸದ ಮೇಲಿನ ಪ್ರೀತಿ ಹೆಚ್ಚಿತೋ, ಬತ್ತಿತೋ.

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ಇದೇ ಗೆರೆಯ ಮೇಲಿಟ್ಟು ನೋಡಿದರೆ ನನ್ನ ಎದೆ ಉಬ್ಬುತ್ತದೆ. ಇಂಟಾರ್ಸಿಯಕ್ಕೂ ಇದಕ್ಕೂ ಗುರುಶಿಷ್ಯ ಸಂಬಂಧವೇನೂ ಬೇಕಿಲ್ಲ, ಕೈಚಳಕದಲ್ಲಿ ಮಾತ್ರ ಅಣ್ಣತಮ್ಮಂದಿರು. ಕಪ್ಪುಗೆಂಪು ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಮರದ ಚೂರುಗಳನ್ನು ತಂತಿಗರಗಸದಲ್ಲಿ ಕೊಯ್ದು ಕೂರಿಸುತ್ತಾರೆ. ಹಲಸಿನ ಹಳದಿ ಬಿಸಿಲಾಗುತ್ತದೆ, ಬಿಳಿಮರ ಆನೆಯ ದಂತವಾಗುತ್ತದೆ. ಹಿಂದೆ ಅದೇ ಜಾಗದಲ್ಲಿ ನಿಜವಾದ ದಂತವೇ ಇರುತ್ತಿತ್ತು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ಅದನ್ನು ಇವತ್ತಿಗೂ ಕಾಣಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಮುಂದೆ ತಿದ್ದುಪಡಿಗಳಿಂದ ಇನ್ನಷ್ಟು ಬಿಗಿಯಾದ ಮೇಲೆ ದಂತದ ವ್ಯಾಪಾರ ನಿಂತಿತು. ಆ ಬಿಳಿಯ ಜಾಗಕ್ಕೆ ಬಿಳಿಮರದ ಜೊತೆ ಪ್ಲಾಸ್ಟಿಕ್ಕೂ ಬಂತು. ಪ್ಲಾಸ್ಟಿಕ್ ದಂತ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಆನೆಯೊಂದು ಕಾಡಿನಲ್ಲಿ ಉಳಿಯಬೇಕಾದರೆ ಪೆಟ್ಟಿಗೆಯ ಮುಚ್ಚಳದ ಮೇಲಿನ ಆನೆಗೆ ಪ್ಲಾಸ್ಟಿಕ್ಕಿನ ಕೊಂಬು ಇರಲಿ ಎಂದೇ ನಾನು ಹೇಳುತ್ತೇನೆ. ಕೆಲಸದ ಬೆಲೆ ಇರುವುದು ಚೂರು ಕೊಯ್ದ ಕೈಯಲ್ಲಿ, ಮರದ ಎಳೆಯನ್ನು ಆನೆಯ ಸೊಂಡಿಲಿನ ಮಡಿಕೆಗೆ ಹೊಂದಿಸಿದ ಕಣ್ಣಿನಲ್ಲಿ.

ಇಷ್ಟೆಲ್ಲ ವಸ್ತುವಿನ ಮಾತಾಯಿತು. ಆಕಾರದಿಂದಲೇ ಕಣ್ಣನ್ನು ಒಲಿಸುವ ಉಪಾಯಗಳೂ ಇವೆ, ಅವುಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮಂಚದ ಕಾಲುಗಳನ್ನು ಒಳಕ್ಕೆ ಸರಿಸಿ ನೆರಳಿನಲ್ಲಿ ಅಡಗಿಸಿದರೆ ಮಂಚ ತೇಲಿದಂತಿರುತ್ತದೆ. ಬೀರುವಿನ ಬಾಗಿಲಿಗೆ ನಿಲುವುಗನ್ನಡಿ ಹಾಕಿದರೆ ಕಿರಿದಾದ ಕೋಣೆ ಉಸಿರಾಡುತ್ತದೆ. ದಪ್ಪ ಎಷ್ಟೆಂದು ಕಣ್ಣು ಲೆಕ್ಕ ಹಾಕುವುದು ಕಾಣುವ ಅಂಚಿನಿಂದ ಮಾತ್ರ. ಅಮೆರಿಕದ ವಿನ್ಯಾಸಕಾರ ಈರೊ ಸಾರಿನೆನ್ 1957ರಲ್ಲಿ ಮಾರುಕಟ್ಟೆಗೆ ಬಂದ ತನ್ನ ಒಂಟಿಕಾಲಿನ ಮೇಜಿನ ಹಲಗೆಯ ಅಂಚನ್ನು ಕೆಳಮಗ್ಗುಲಿನಿಂದ ಓರೆಯಾಗಿ ಕೊಯ್ಸಿದ. ಭಾರವಾದ ಆ ಹಲಗೆ ಎಲೆಯಷ್ಟು ತೆಳ್ಳಗೆ ಕಾಣುತ್ತದೆ.

ನನ್ನ ಕಪಾಟಿಗೆ ಕೊನೆಗೆ ತೇಗದ ಫೋಟೊ ಬೇಡವೆಂದೆ. ಗಾಢ ಹಸಿರಿನ ಬರಿಯ ಬಣ್ಣದ ಹಾಳೆ ಆರಿಸಿ, ಅಂಚಿಗೆ ಪಟ್ಟಿ ಹೊಡೆಯದೆ ಪ್ಲೈವುಡ್ಡಿನ ಪದರಗಳನ್ನು ಹಾಗೆಯೇ ಪಾಲಿಶ್ ಮಾಡಿ ಬಿಡಲು ಹೇಳಿದೆ. ಆಚಾರ್ರಿಗೆ ಅದು ಮೊದಲು ಸರಿಬರಲಿಲ್ಲ. "ಕೆಲಸ ಅರ್ಧ ಬಿಟ್ಟ ಹಾಗೆ ಕಾಣ್ತದೆ ಸಾರ್" ಅಂದರು. ಮೂರನೆಯ ದಿನ ಬಂದು ನೋಡಿದರೆ, ನಾನು ಹೇಳದೇ ಇದ್ದರೂ, ಪ್ರತಿ ತಟ್ಟೆಯ ಮುಂದಂಚಿನ ಕೆಳಮಗ್ಗುಲನ್ನು ಓರೆಯಾಗಿ ಕೊರೆದಿದ್ದರು. ಯಾಕೆಂದು ಕೇಳಿದೆ. "ಹತ್ತೊಂಬತ್ತು ಎಂಎಂ ಪ್ಲೈ ಸಾರ್, ದಪ್ಪ ಕಾಣ್ತದೆ. ಹಿಂಗೆ ಹೊಡೆದ್ರೆ ತೆಳ್ಳಗೆ ಕಾಣ್ತದೆ, ಭಾರಾನೂ ತಡೀತದೆ. ನಮ್ಮಪ್ಪ ಹಿಂಗೇ ಮಾಡ್ತಿದ್ರು" ಅಂದರು. ಆಮೇಲೆ ನನ್ನ ಕೈ ಹಿಡಿದು ತಟ್ಟೆಯ ಕೆಳಗೆ ತಾಗಿಸಿ, "ಇಲ್ಲಿ ಮುಟ್ಟಿ ನೋಡಿ, ದಪ್ಪ ಎಲ್ಲಾ ಇಲ್ಲೇ ಇದೆ" ಎಂದರು.